ಈಟಿ ಇನ್ನೂ ಗಾಳಿಯಲ್ಲಿರುವಾಗ

ಆಟಗಾರನೊಬ್ಬನದು ಆತ್ಮವಿಶ್ವಾಸವೋ ಸೊಕ್ಕೋ ಎಂಬುದನ್ನು ತೀರ್ಮಾನಿಸಲು ನಮ್ಮ ಶಿರಸಿ ಕಡೆಯ ಹಿರಿಯರಿಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಟಿ.ವಿ.ಯಲ್ಲಿ ಶತಕ ಹೊಡೆದವನು ಹೆಲ್ಮೆಟ್ ತೆಗೆದು ಒಮ್ಮೆ ಆಕಾಶ ನೋಡಿ ಸುಮ್ಮನಾದರೆ ಅವನು ಸಂಸ್ಕಾರವಂತ. ಅದೇ ಶತಕ ಹೊಡೆದ ಇನ್ನೊಬ್ಬನು ಗಾಳಿಗೆ ಗುದ್ದಿ, ಎದೆ ಬಡಿದುಕೊಂಡು, ಪ್ರೇಕ್ಷಕರತ್ತ ಕೈಬೀಸಿ ಇನ್ನಷ್ಟು ಕೂಗಿ ಎಂದರೆ, ಕವಳದ ಬಟ್ಟಲಿನ ಆಚೆಯಿಂದ ‘ಆಟವೇನೋ ಅಡ್ಡಿಲ್ಲೆ, ಆದ್ರೆ ಸೊಕ್ಕು ರಾಶಿ ಇದ್ದು’ ಎಂಬ ತೀರ್ಪು ಹೊರಬೀಳುತ್ತದೆ. ಘಟ್ಟ ಇಳಿದು ಕುಮಟೆಗೋ ಅಂಕೋಲೆಗೋ ಕಾರವಾರಕ್ಕೋ ಹೋದರೆ ಮಾತಿನ ಧಾಟಿ ಬೇರೆಯಾಗುತ್ತದೆಯೇ ಹೊರತು ತೀರ್ಪು ಬೇರೆಯಾಗುವುದಿಲ್ಲ. ಮೇಲ್ಮನವಿಗೆ ಅವಕಾಶ ಎರಡೂ ಕಡೆ ಇಲ್ಲ.

ನಾವು ತಗ್ಗಿ ನುಡಿಯುವುದನ್ನೇ ಮರ್ಯಾದೆಯೆಂದು ಕಲಿತ ಜನ. ಹತ್ತಾರು ಬಗೆಯ ಅಡುಗೆ ಮಾಡಿ ಬಡಿಸಿದವರೂ ‘ಏನೂ ಮಾಡಲಿಲ್ಲ, ಬರೀ ಅನ್ನ ಸಾರು’ ಎನ್ನುತ್ತಾರೆ. ಮಗಳು ಜಿಲ್ಲೆಗೇ ಮೊದಲಿಗಳಾದಾಗಲೂ ಅಪ್ಪನಾದವನು ‘ಏನೋ ಪಾಸಾದಳು’ ಎಂದು ಮಾತು ತೇಲಿಸುತ್ತಾನೆ. ಕೇಳುವವರು ಅದನ್ನು ನಂಬುವುದಿಲ್ಲ, ನಂಬಲಿ ಎಂದು ಹೇಳಿದವರೂ ಹೇಳಿರುವುದಿಲ್ಲ. ಊಟ ಎಲೆಯ ಮೇಲಿದೆ, ಅಂಕಪಟ್ಟಿ ಗೋಡೆಯ ಮೇಲೆ ಕಟ್ಟು ಹಾಕಿಸಿಕೊಂಡು ಕುಳಿತಿದೆ. ಹಾಗಾಗಿ ಈ ವಿನಯಕ್ಕೆ ಖರ್ಚೇನೂ ಇಲ್ಲ. ಆಟಗಾರನಿಗೆ ಈ ಅನುಕೂಲವಿಲ್ಲ. ತನ್ನ ಬಗ್ಗೆ ತನಗಿರುವ ನಂಬಿಕೆಯನ್ನು ಅವನು ಫಲಿತಾಂಶ ಬರುವ ಮೊದಲೇ, ಅದೂ ತನ್ನನ್ನು ಸೋಲಿಸಲೆಂದೇ ಎದುರಿಗೆ ನಿಂತವನ ಕಣ್ಣ ಮುಂದೆ, ಮೈಯಿಂದಲೇ ತೋರಿಸಬೇಕು. ಗೆದ್ದ ಮೇಲೆ ತಲೆ ಬಾಗಿಸುವುದು ಯಾರಿಗಾದರೂ ಸಾಧ್ಯ. ಗೆಲ್ಲುವ ಮೊದಲು ತಲೆ ಬಾಗಿಸಿ ನಿಂತವನು ಗೆಲ್ಲುವುದು ಮಾತ್ರ ಕಷ್ಟ.

ಹಾಗೆಂದು ನಮಗೆ ಆತ್ಮಪ್ರಶಂಸೆ ಕಿವಿಗೆ ಬಿದ್ದರೇ ಆಗುವುದಿಲ್ಲ ಎನ್ನುವಂತೆಯೂ ಇಲ್ಲ. ಹೊನ್ನಾವರ, ಸಿದ್ದಾಪುರ ಸೀಮೆಯ ಯಕ್ಷಗಾನದ ಒಡ್ಡೋಲಗಗಳನ್ನು ನೋಡಿದವರಿಗೆ ಇದು ಗೊತ್ತು. ರಾಜವೇಷ ರಂಗಕ್ಕೆ ಬಂದು ‘ಬಲ್ಲಿರೇನಯ್ಯಾ’ ಎಂದು ಭಾಗವತರನ್ನು ಕೇಳಿ, ತಾನು ಯಾರು, ತನ್ನ ಕುಲ ಯಾವುದು, ತನ್ನ ಹೆಸರು ಕೇಳಿ ಯಾವ ಯಾವ ಲೋಕಗಳು ನಡುಗುತ್ತವೆ ಎಂಬುದನ್ನೆಲ್ಲ ತಾನೇ ವಿವರಿಸುತ್ತದೆ. ಮಧ್ಯರಾತ್ರಿಯ ಚಳಿಯಲ್ಲಿ ಕಂಬಳಿ ಹೊದ್ದು ಕುಳಿತ ನಾವು ಇನ್ನಷ್ಟು ಹೇಳಲಿ ಎಂದು ಹಾರೈಸುತ್ತೇವೆ. ಹೊನ್ನಾವರ ತಾಲೂಕಿನವರೇ ಆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂತು. ಅವರನ್ನು ಜನ ಎದೆಯಲ್ಲಿಟ್ಟುಕೊಂಡದ್ದು ಭಸ್ಮಾಸುರ, ಕೀಚಕರಂಥ ಪಾತ್ರಗಳಿಗಾಗಿ, ಎಂದರೆ ಅಹಂಕಾರವೇ ಮೈತಾಳಿ ಕುಣಿಯುವಂಥ ಪಾತ್ರಗಳಿಗಾಗಿ. ಅದಕ್ಕಾಗಿ ಅವರನ್ನು ಸೊಕ್ಕಿನವರೆಂದವರು ಒಬ್ಬರೂ ಇರಲಾರರು. ಆಟ ಮುಗಿದು ಚೌಕಿಗೆ ಮರಳಿ ಕಿರೀಟ ಬಿಚ್ಚಿಟ್ಟರೆ ಭಸ್ಮಾಸುರನೂ ಮುಗಿದ. ಆಟಗಾರನ ಮೈಮೇಲಿರುವುದು ಬಣ್ಣದ ಅಂಗಿ ಮಾತ್ರ. ಬೆನ್ನ ಮೇಲೆ ಬರೆದಿರುವುದು ಅವನದೇ ಹೆಸರು. ವೇಷ ಎಲ್ಲಿ ಮುಗಿಯಿತು, ಮನುಷ್ಯ ಎಲ್ಲಿ ಆರಂಭವಾದ ಎಂದು ತಿಳಿಯದೆ ನಾವು ಕೋರ್ಟಿನ ಗೆರೆಯೊಳಗಿನ ಗತ್ತನ್ನೆಲ್ಲ ಅವನ ಮನೆಯ ವಿಳಾಸಕ್ಕೇ ಕಳಿಸಿಕೊಡುತ್ತೇವೆ.

ಈ ತೀರ್ಪು ಎಷ್ಟು ಗೆದ್ದವರ ಪರವಾಗಿರುತ್ತದೆ ಎಂಬುದಕ್ಕೆ ಟೋಕಿಯೋದ ಜಾವೆಲಿನ್ ಸ್ಪರ್ಧೆಗಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ. 2021ರ ಆಗಸ್ಟ್ 7ರಂದು ನೀರಜ್ ಚೋಪ್ರಾ ಅವರು ತಮ್ಮ ಎರಡನೆಯ ಎಸೆತ ಎಸೆದಾಗ ಎಂಟುನೂರು ಗ್ರಾಂ ತೂಕದ ಆ ಈಟಿ ಇನ್ನೂ ಗಾಳಿಯಲ್ಲಿತ್ತು. ಅವರು ಅದು ಎಲ್ಲಿ ಬೀಳುತ್ತದೆಂದು ನೋಡಲಿಲ್ಲ. ಅದಕ್ಕೆ ಬೆನ್ನು ಹಾಕಿ, ಎರಡೂ ಕೈಗಳನ್ನೆತ್ತಿ, ಗೆದ್ದವರಂತೆ ನಿಂತುಬಿಟ್ಟರು. ಅಳತೆ ಆಮೇಲೆ ಬಂತು: 87.58 ಮೀಟರ್. ಚಿನ್ನವೂ ಆಮೇಲೆಯೇ ಬಂತು. ಶಿರಸಿ ತಾಲೂಕಿನ ಕಾಶಿನಾಥ ನಾಯ್ಕ ಅವರು 2010ರ ದಿಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಇದೇ ಜಾವೆಲಿನ್ ಎಸೆತದಲ್ಲಿ ಕಂಚಿನ ಪದಕ ಪಡೆದವರಾದ್ದರಿಂದ ನಮ್ಮ ಕಡೆಯವರಿಗೆ ಈ ಆಟ ತೀರ ಅಪರಿಚಿತವೇನಲ್ಲ. ನೀರಜ್ ಅವರ ಚಿನ್ನವನ್ನು ಇಲ್ಲಿ ಅರ್ಧ ನಮ್ಮ ಮನೆಯದೆಂಬಂತೆಯೇ ಮಾತಾಡಿಕೊಂಡರು. ಈಟಿ ನೆಲ ಮುಟ್ಟುವ ಮೊದಲೇ ಕೈಯೆತ್ತಿದ್ದನ್ನು ಯಾರೂ ಸೊಕ್ಕೆನ್ನಲಿಲ್ಲ.

ಅದೇ ಸ್ಪರ್ಧೆಯಲ್ಲಿ ಜರ್ಮನಿಯ ಯೋಹಾನ್ನೆಸ್ ಫೆಟ್ಟರ್ ಕೂಡ ಇದ್ದರು. ಒಲಿಂಪಿಕ್ಸ್‌ಗೆ ಮುನ್ನ ಅವರು, ತಾನು ಟೋಕಿಯೋದಲ್ಲಿ 90 ಮೀಟರ್ ದಾಟಿಸಲಿದ್ದೇನೆ, ನೀರಜ್ ಅವರಿಗೆ ನನ್ನನ್ನು ಸೋಲಿಸುವುದು ಕಷ್ಟವಾದೀತು ಎಂಬರ್ಥದ ಮಾತಾಡಿದ್ದರು. ಫೈನಲ್‌ನಲ್ಲಿ ಅವರು ಓಟದ ಹಾದಿಯಲ್ಲಿ ಜಾರಿದರು, 82.52 ಮೀಟರಿಗೆ ನಿಂತರು, ಒಂಬತ್ತನೆಯವರಾಗಿ ಹೊರಬಿದ್ದರು. ಆ ವಾರವಿಡೀ ನಮ್ಮಲ್ಲಿ ಅವರ ಮಾತು ಗರ್ವಭಂಗದ ಕಥೆಯಾಗಿ ಹರಿದಾಡಿತು. ಆದರೆ ಲೆಕ್ಕ ಏನು ಹೇಳುತ್ತಿತ್ತು? ಅವರು 2020ರಲ್ಲಿ 97.76 ಮೀಟರ್ ಎಸೆದವರು, ಟೋಕಿಯೋಕ್ಕೆ ಮುನ್ನ ಅದೇ ಋತುವಿನಲ್ಲಿ ಮತ್ತೆ ಮತ್ತೆ 90 ದಾಟಿಸಿದವರು. ನೀರಜ್ ಅವರ ಆಗಿನ ಅತ್ಯುತ್ತಮ ಎಸೆತ 88.07. ಹಾಗಿರುವಾಗ ತನ್ನನ್ನು ಸೋಲಿಸುವುದು ಕಷ್ಟ ಎಂದದ್ದು ಕೂಡಿ ಕಳೆದು ಹೇಳಿದ ಮಾತು. ಅವರು ಅದಕ್ಕೆ ಬದಲಾಗಿ ‘ನಾನು ಗೆಲ್ಲಲಾರೆನೇನೋ’ ಎಂದಿದ್ದರೆ ಸುಳ್ಳಾಗುತ್ತಿತ್ತು, ನಮಗೆ ಮಾತ್ರ ಬಹಳ ಹಿಡಿಸುತ್ತಿತ್ತು.

ಆಡದೆ ಹೇಳಿದವರು ನೀರಜ್, ಬಾಯಿಬಿಟ್ಟು ಹೇಳಿದವರು ಫೆಟ್ಟರ್; ಇಬ್ಬರೂ ಹೇಳಿದ್ದು ಒಂದನ್ನೇ, ಫಲಿತಾಂಶ ಬರುವ ಮೊದಲೇ ಹೇಳಿದರು. ನೀರಜ್ ಅವರ ಬಳಿ ಇದ್ದ ಸಾಕ್ಷ್ಯ ಅವರ ಕೈ. ತೋಳಿನ ಬಲ ಈಟಿಯ ಉದ್ದಕ್ಕೂ ಓರೆಯಾಗದೆ ಹರಿದು, ಮೊನೆ ಹೋಗಬೇಕಾದ ದಿಕ್ಕಿಗೇ ಅದು ಬೆರಳಿನಿಂದ ಬಿಡುಗಡೆಯಾದಾಗ ಎಸೆದವನಿಗೆ ಅಲ್ಲಿಯೇ ತಿಳಿಯುತ್ತದೆ. ಅಳತೆಪಟ್ಟಿ ಹಿಡಿದವರಿಗೆ ಗೊತ್ತಾಗುವುದು ಕೆಲವು ಸೆಕೆಂಡು ತಡವಾಗಿ, ಸಾವಿರಾರು ಮೈಲಿ ದೂರದಲ್ಲಿ ಕುಳಿತ ನಮಗೆ ಇನ್ನೂ ತಡವಾಗಿ. ನಾವು ಸೊಕ್ಕು ಎಂದು ಕರೆಯುವುದರಲ್ಲಿ ದೊಡ್ಡ ಪಾಲು ಹುಟ್ಟುವುದು ಈ ತಡದಿಂದಲೇ ಎಂಬುದು ನನ್ನ ಗುಮಾನಿ. ಅವರಿಗೆ ಆಗಲೇ ಗೊತ್ತಾಗಿರುತ್ತದೆ, ನಮಗೆ ಇನ್ನೂ ಗೊತ್ತಾಗಿರುವುದಿಲ್ಲ. ನಮಗಿಂತ ಮೊದಲು ತಿಳಿದವರನ್ನು ಸಹಿಸುವುದು ಆಟದ ವಿಷಯದಲ್ಲಷ್ಟೇ ಕಷ್ಟವಲ್ಲ.

ಇನ್ನು ಬಾಯಿ ಬಡಾಯಿಯ ಒಳಗೆ ಏನಿರುತ್ತದೆಂಬುದೂ ಹೊರಗಿನಿಂದ ತಿಳಿಯುವುದಿಲ್ಲ. ತಾನೇ ಎಲ್ಲರಿಗಿಂತ ದೊಡ್ಡವನೆಂದು ಸಾರಿಕೊಂಡವರಲ್ಲಿ ಮುಹಮ್ಮದ್ ಅಲಿಯವರನ್ನು ಮೀರಿಸಿದವರಿಲ್ಲ. 1964ರ ಫೆಬ್ರವರಿಯಲ್ಲಿ, ಇನ್ನೂ ಕ್ಯಾಸಿಯಸ್ ಕ್ಲೇ ಆಗಿದ್ದ ಅವರು ಸೋನಿ ಲಿಸ್ಟನ್ ಎಂಬ ಭೀಕರ ಬಾಕ್ಸರನ ವಿರುದ್ಧ ಕಣಕ್ಕಿಳಿಯುವ ದಿನ ಬೆಳಿಗ್ಗೆ ತೂಕ ನೋಡುವ ಶಾಸ್ತ್ರದಲ್ಲಿ ಹುಚ್ಚರಂತೆ ಕೂಗಾಡಿದರು. ವೈದ್ಯರು ನಾಡಿ ಹಿಡಿದು ನೋಡಿದರೆ ಅದು ಮಾಮೂಲಿಗಿಂತ ಇಮ್ಮಡಿ ವೇಗದಲ್ಲಿ ಹೊಡೆದುಕೊಳ್ಳುತ್ತಿತ್ತು. ಹುಡುಗ ಹೆದರಿ ಸಾಯುತ್ತಿದ್ದಾನೆಂದು ಹಲವರು ನಂಬಿದರು. ಆ ರಾತ್ರಿ ಏಳನೆಯ ಸುತ್ತಿನ ಗಂಟೆ ಹೊಡೆದಾಗ ಸ್ಟೂಲಿನಿಂದ ಏಳದೆ ಉಳಿದವರು ಲಿಸ್ಟನ್. ಆ ಕೂಗಾಟದಲ್ಲಿ ನಾಟಕವೆಷ್ಟು, ಭಯವೆಷ್ಟು, ನಂಬಿಕೆಯೆಷ್ಟು ಎಂದು ತೂಗಿ ಹೇಳುವ ತಕ್ಕಡಿ ಯಾರ ಹತ್ತಿರವೂ ಇರಲಿಲ್ಲ. ಇಪ್ಪತ್ತೆರಡರ ತರುಣ ಭಯವನ್ನು ಹೊರಗೆ ಹಾಕುವುದಕ್ಕೇ ಗಂಟಲು ಹರಿದುಕೊಂಡಿದ್ದರೂ ಕೇಳಿದವರ ಕಿವಿಗೆ ಅದು ದುರಹಂಕಾರವಾಗಿಯೇ ಕೇಳಿಸಿತು.

ನಮ್ಮ ಬ್ಯಾಡ್ಮಿಂಟನ್ ಆಟಗಾರ್ತಿ ಪಿ.ವಿ. ಸಿಂಧು ಅವರದು ಇದಕ್ಕೆ ತೀರ ವಿರುದ್ಧವಾದ ಕಥೆ. ಆ ಮೃದು ಸ್ವಭಾವದ ಹುಡುಗಿಯನ್ನು ಗುರು ಪುಲ್ಲೇಲ ಗೋಪಿಚಂದ್ ಅವರು ಅಕಾಡೆಮಿಯಲ್ಲಿ ಎಲ್ಲರೆದುರು ಕೋರ್ಟಿನ ನಡುವೆ ನಿಲ್ಲಿಸಿ ಗಟ್ಟಿಯಾಗಿ ಕಿರುಚುವಂತೆ ಮಾಡಿದರು. ಕಿರುಚದೆ ರ‍್ಯಾಕೆಟ್ ಮುಟ್ಟುವಂತಿಲ್ಲ ಎಂದರು. 2016ರ ರಿಯೋದಲ್ಲಿ ಅವರು ಬೆಳ್ಳಿ ಗೆದ್ದಾಗ ಪ್ರತಿ ಅಂಕಕ್ಕೂ ಮುಷ್ಟಿ ಬಿಗಿದು ಕೂಗಿದ್ದನ್ನು ನಾವೆಲ್ಲ ನೋಡಿದೆವು. ಸ್ಮ್ಯಾಶಿನ ಹಾಗೆ, ಡ್ರಾಪಿನ ಹಾಗೆ ಅಭ್ಯಾಸ ಮಾಡಿ ಕಲಿತದ್ದು ಆ ಕೂಗು. ಅದನ್ನು ಕೇಳಿ ‘ಹೆಣ್ಣುಮಗಳಿಗೆ ಇಷ್ಟು ಬೇಕೇ’ ಎಂದವರೂ ನಮ್ಮಲ್ಲಿದ್ದರು. ಹೆಂಗಸರ ವಿಷಯ ಬಂದರೆ ತೀರ್ಪು ಇನ್ನೂ ಬೇಗ ಹೊರಬೀಳುತ್ತದೆ.

ಸದ್ದು ಮಾಡದವರ ಧೈರ್ಯವನ್ನಾದರೂ ನಾವು ಸರಿಯಾಗಿ ಓದುತ್ತೇವೆಯೇ ಎಂದರೆ ಅದೂ ಇಲ್ಲ. ಪ್ರಕಾಶ್ ಪಡುಕೋಣೆಯವರು ವಿನಯಕ್ಕೆ ಹೆಸರಾದವರು. ಅವರು 1980ರ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಎದುರಿಸಿದ್ದು ಇಂಡೋನೇಷ್ಯಾದ ಲಿಯೆಮ್ ಸ್ವಿ ಕಿಂಗ್ ಅವರನ್ನು; ಗಾಳಿಗೆ ಜಿಗಿದು ಸಿಡಿಲಿನಂತೆ ಸ್ಮ್ಯಾಶ್ ಹೊಡೆಯುತ್ತಿದ್ದವರನ್ನು. ಅಂಥವರ ಎದುರು ವೇಗವನ್ನು ವೇಗದಿಂದ ಎದುರಿಸದೆ, ಆಟವನ್ನು ತನಗೆ ಬೇಕಾದಷ್ಟು ನಿಧಾನಗೊಳಿಸಿ, ಷಟಲ್ ಕಾಕನ್ನು ನೆಟ್ಟಿನ ಬುಡಕ್ಕೆ ಮೆಲ್ಲಗೆ ಇಳಿಬಿಟ್ಟು, 15-3, 15-10ರಿಂದ ಗೆದ್ದು ಬರುವುದಕ್ಕೆ ಎಷ್ಟು ಎದೆಗಾರಿಕೆ ಬೇಕು! ನಿನ್ನ ಆಟ ನಡೆಯುವುದಿಲ್ಲ, ಇಲ್ಲಿ ನನ್ನ ಆಟವೇ ನಡೆಯಬೇಕು ಎನ್ನುವುದಕ್ಕಿಂತ ದೊಡ್ಡ ಗತ್ತು ಇನ್ಯಾವುದು? ಮುಖದ ಮೇಲೆ ಕಾಣಲಿಲ್ಲವೆಂಬ ಒಂದೇ ಕಾರಣಕ್ಕೆ ನಾವು ಅದನ್ನು ವಿನಯದ ಖಾತೆಗೆ ಬರೆದುಕೊಂಡೆವು. ರಾಹುಲ್ ದ್ರಾವಿಡ್ ಅವರೂ 2001ರ ಕೋಲ್ಕತ್ತ ಟೆಸ್ಟಿನಲ್ಲಿ ಶತಕ ಮುಟ್ಟಿದಾಗ ಪತ್ರಕರ್ತರ ಗ್ಯಾಲರಿಯತ್ತ ಬ್ಯಾಟು ತೋರಿಸಿದ್ದುಂಟು. ಅದು ಕೋಪದ ಬ್ಯಾಟು. ಬೇರೆ ಯಾರಾದರೂ ತೋರಿಸಿದ್ದರೆ ಏನೆನ್ನುತ್ತಿದ್ದೆವೋ. ದ್ರಾವಿಡ್ ಅವರಾದ್ದರಿಂದ ‘ಅವರಿಗೇ ಸಿಟ್ಟು ಬರಬೇಕಾದರೆ ಎಷ್ಟು ನೋವಾಗಿರಬೇಕು’ ಎಂದೆವು.

ಹಾಗಾದರೆ ಸೊಕ್ಕೆಂಬುದೇ ಇಲ್ಲವೇ? ಇದೆ. ಎದುರಾಳಿಯನ್ನು ಮನುಷ್ಯನೆಂದು ಕಾಣುವುದನ್ನು ಬಿಟ್ಟಲ್ಲಿ ಅದು ಶುರುವಾಗುತ್ತದೆಂದು ನಾನು ತಿಳಿದಿದ್ದೇನೆ. ಉಸೇನ್ ಬೋಲ್ಟ್ ಅವರು 2008ರ ಬೀಜಿಂಗ್‌ನಲ್ಲಿ ನೂರು ಮೀಟರ್ ಓಟದ ಕೊನೆಯಲ್ಲಿ ಕೈ ಬಿಡಿಸಿ, ಎದೆ ತಟ್ಟಿಕೊಂಡು, ಬಿಚ್ಚಿಹೋದ ಬೂಟಿನ ಲೇಸಿನೊಂದಿಗೇ 9.69 ಸೆಕೆಂಡಿನಲ್ಲಿ ಗೆರೆ ದಾಟಿದಾಗ ಒಲಿಂಪಿಕ್ ಸಮಿತಿಯ ಆಗಿನ ಅಧ್ಯಕ್ಷ ಜಾಕ್ ರೋಗ್ ಅವರು, ಜೊತೆಗೆ ಓಡಿದವರಿಗೆ ಇನ್ನಷ್ಟು ಗೌರವ ತೋರಬೇಕಿತ್ತೆಂದು ಬೇಸರಪಟ್ಟರು. ನನಗೆ ಆ ಬೇಸರ ಒಪ್ಪಿಗೆಯಾಗಲಿಲ್ಲ. ಆ ಕ್ಷಣ ಬೋಲ್ಟ್ ಅವರು ಯಾರನ್ನೂ ಹೀಯಾಳಿಸಲಿಲ್ಲ, ತಮ್ಮ ಮೈಯೊಳಗಿನ ಹುರುಪನ್ನು ತಡೆದುಕೊಳ್ಳಲಾರದೆ ಹೋದರು, ಅಷ್ಟೆ. ಆದರೆ 2012ರ ಸಿಡ್ನಿ ಟೆಸ್ಟಿನಲ್ಲಿ ವಿರಾಟ್ ಕೊಹ್ಲಿ ಅವರು ಪ್ರೇಕ್ಷಕರತ್ತ ಬೆರಳು ತೋರಿಸಿ ದಂಡ ಕಟ್ಟಿದ್ದು ಬೇರೆಯದೇ ಸಂಗತಿ. ಪ್ರೇಕ್ಷಕರು ಕೆಟ್ಟದಾಗಿ ನಿಂದಿಸಿದ್ದರೆಂದು ಅವರು ಹೇಳಿದ್ದು ನಿಜವೇ ಇರಬಹುದು. ಆದರೂ ಆ ಬೆರಳಿನಿಂದ ಆಟಕ್ಕೆ ಒಂದು ಓಟವೂ ಸೇರಲಿಲ್ಲ.

ಅದೇ ಕೊಹ್ಲಿಯವರು ಬೆಂಗಳೂರಿನ ಕೆಂಪಂಗಿ ತೊಟ್ಟು ಕಿರುಚಿದರೆ ನಮ್ಮ ಜಿಲ್ಲೆಯ ಹುಡುಗರಿಗೆ ಅದು ಕಿಚ್ಚು. ನಮ್ಮ ಬೌಲರನ ಮುಖಕ್ಕೆ ಬೇರೆ ತಂಡದವನು ಅಷ್ಟೇ ಕಿರುಚಿದರೆ ದುರಹಂಕಾರ. ಈ ಹುಡುಗರ ಆತ್ಮವಿಶ್ವಾಸದ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. 2009, 2011, 2016ರ ಐಪಿಎಲ್ ಫೈನಲ್‌ಗಳಲ್ಲಿ ಸೋತ ಆ ತಂಡವನ್ನು ನೆಚ್ಚಿ, ಕಾರವಾರದಿಂದ ಭಟ್ಕಳದವರೆಗೆ ‘ಈ ಸಲ ಕಪ್ ನಮ್ಮದೇ’ ಎಂದು ಎದೆಯುಬ್ಬಿಸಿ ಕೂಗುತ್ತ ಬಂದವರು ಇವರು. ಫೆಟ್ಟರ್ ಅವರಿಗಾದರೋ 97 ಮೀಟರಿನ ಆಧಾರವಿತ್ತು. ಇವರ ಕೈಯಲ್ಲಿ ಹಿಂದಿನ ವರ್ಷದ ಸೋಲಿನ ಹೊರತು ಏನೂ ಇರಲಿಲ್ಲ. ಕಪ್ ಕೊನೆಗೂ 2025ರ ಜೂನ್ 3ರಂದು ಬಂತು. ಅಲ್ಲಿಯವರೆಗಿನದು ಸೊಕ್ಕಾಗಿತ್ತೇ, ಆ ರಾತ್ರಿಯಿಂದ ಅದು ಆತ್ಮವಿಶ್ವಾಸವಾಯಿತೇ ಎಂದು ಕೇಳಿದರೆ ಅವರು ನಕ್ಕು ‘ಮುಂದಿನ ಸಲವೂ ನಮ್ಮದೇ’ ಎನ್ನುತ್ತಾರೆ.

ನಮ್ಮ ಊರುಗಳ ಹೊನಲು ಬೆಳಕಿನ ಕಬಡ್ಡಿಯಲ್ಲಿ ಈ ಎರಡು ಭಾವಗಳೂ ಒಂದೇ ಮೈಯಲ್ಲಿ ಅಕ್ಕಪಕ್ಕ ಇರುವುದನ್ನು ನೋಡಬಹುದು. ಅಂಕಣಕ್ಕೆ ಕಾಲಿಡುವಾಗ ರೈಡರ್ ಬಗ್ಗಿ ನೆಲ ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾನೆ. ಸ್ವಲ್ಪ ಹೊತ್ತಿಗೆ ಅವನೇ ಎದುರಿನ ಏಳು ಜನರ ಮುಂದೆ ತೊಡೆ ತಟ್ಟಿ, ತಾಕತ್ತಿದ್ದರೆ ಹಿಡಿಯಿರಿ ಎನ್ನುವಂತೆ ನುಗ್ಗುತ್ತಾನೆ. ಒಂದು ರೈಡಿಗೆ ಸಿಗುವುದು ಮೂವತ್ತೇ ಸೆಕೆಂಡು. ಅನುಮಾನಕ್ಕೆ ಅದರಲ್ಲಿ ಜಾಗವಿಲ್ಲ. ಹಿಡಿತಕ್ಕೆ ಸಿಕ್ಕಿ ಧೂಳು ಮೆತ್ತಿಕೊಂಡು ಹೊರಗೆ ಹೋಗಿ ಕುಳಿತವನು, ತನ್ನವರು ಅಂಕ ಗಳಿಸಿದ ಮೇಲೆ ಜೀವ ಪಡೆದು ಮತ್ತೆ ಒಳಗೆ ಬರುತ್ತಾನಲ್ಲ, ಆಗ ಅವನನ್ನು ಗಮನಿಸಬೇಕು. ಆಗಲೂ ಅವನು ತೊಡೆ ತಟ್ಟಲೇಬೇಕು, ಮೊದಲಿಗಿಂತ ಜೋರಾಗಿಯೇ ತಟ್ಟಬೇಕು. ತಟ್ಟದೆ ತಲೆ ತಗ್ಗಿಸಿ ಒಳಹೊಕ್ಕರೆ ಮೂಲೆಯಲ್ಲಿ ಹೊಂಚಿ ನಿಂತ ಕ್ಯಾಚರ್‌ಗೆ ಅಷ್ಟು ಸುಳಿವು ಸಾಕು: ಹಿಂದಿನ ಹಿಡಿತ ಇನ್ನೂ ಇವನ ಕಾಲನ್ನು ಬಿಟ್ಟಿಲ್ಲ. ಹಾಗೆ ತಟ್ಟಿಕೊಂಡು ಮರಳಿ ಬಂದವನನ್ನು ಸೊಕ್ಕಿನವನೆನ್ನಲು ನನಗೆ ಮನಸ್ಸು ಬರುವುದಿಲ್ಲ. ಪಕ್ಕದಲ್ಲಿ ಕುಳಿತವರಿಗೆ ಬರುತ್ತದೆ, ಬರಲಿ. ಅವರು ಹಾಗೆನ್ನುತ್ತಲೇ ಕುರ್ಚಿಯ ತುದಿಗೆ ಸರಿದು, ಮುಂದೆ ನಿಂತವನ ಹೆಗಲ ಮೇಲಿಂದ ಕತ್ತು ಚಾಚಿ, ಅವನ ರೈಡನ್ನೇ ನೋಡುತ್ತಿರುತ್ತಾರೆ.