ಹಸುವಿನ ಕೊಂಬಿಗೂ ಒಂದು ಓಟು

ಯಾರಾದರೂ ಜಾಸ್ತಿ ಮೆರೆದರೆ ‘ನಿನಗೇನು ಕೊಂಬು ಬಂದಿದೆಯಾ?’ ಅಂತ ಕೇಳುತ್ತೇವೆ ಅಲ್ವಾ? ಸ್ವಿಟ್ಜರ್‌ಲ್ಯಾಂಡಿನವರು ಇದನ್ನು ಹಸುಗಳ ವಿಷಯದಲ್ಲೇ ಕೇಳಿದರು. ಅದೂ ಸುಮ್ನೆ ಅಲ್ಲ, 2018ರ ನವೆಂಬರ್ 25ರಂದು ಇಡೀ ದೇಶ ಓಟು ಹಾಕಿ.

ಆರ್ಮಿನ್ ಕಪೌಲ್ ಅಂತ ಒಬ್ಬ ರೈತ. ಕರುವಿನ ತಲೆ ಮೇಲೆ ಕಾದ ಕಬ್ಬಿಣ ಇಟ್ಟು ಕೊಂಬಿನ ಮೊಳಕೆ ಸುಡೋದು ತಪ್ಪು, ಕೊಂಬು ಬಿಟ್ಟು ಸಾಕುವವರಿಗೆ ಸರ್ಕಾರ ದುಡ್ಡು ಕೊಡಲಿ ಅನ್ನೋದು ಅವರ ವಾದ. ಅಲ್ಲಿ ಹದಿನೆಂಟು ತಿಂಗಳಲ್ಲಿ ಒಂದು ಲಕ್ಷ ಸಹಿ ತಂದರೆ ಸಂವಿಧಾನ ತಿದ್ದಬೇಕೋ ಬೇಡವೋ ಅಂತ ಜನರನ್ನು ಕೇಳಲೇಬೇಕು. ತಂದೇಬಿಟ್ಟರು. (ನಮ್ಮಲ್ಲಿ ಖಾತೆ ಬದಲಾವಣೆಗೆ ಒಂದೇ ಒಂದು ಸಹಿ ತರೋಷ್ಟರಲ್ಲಿ ಚಪ್ಪಲಿ ಸವೆದಿರುತ್ತೆ.) ಶೇ. 54.7ರಷ್ಟು ಮಂದಿ ಬೇಡ ಅಂದರು. ಸಂವಿಧಾನಕ್ಕೆ ಕೊಂಬು ಮೂಡಲಿಲ್ಲ.

ಇದೇ ಜನ 2012ರಲ್ಲಿ ‘ವರ್ಷಕ್ಕೆ ಆರು ವಾರ ರಜೆ ಬೇಕಾ?’ ಅಂದಾಗಲೂ ಬೇಡ ಅಂದಿದ್ದರು. ಇವರನ್ನು ನಮ್ಮ ಆಫೀಸಿಗೆ ಒಂದು ದಿನ ಕರೆಸಬೇಕು. 2009ರಲ್ಲಿ ಮಾತ್ರ ಹೂಂ ಅಂದುಬಿಟ್ಟರು: ಮಸೀದಿಗೆ ಮಿನಾರ್ ಕಟ್ಟಬಾರದು! ಆಗ ಇಡೀ ದೇಶದಲ್ಲಿ ಇದ್ದ ಮಿನಾರ್‌ಗಳು ನಾಲ್ಕು.

ಹಸುವಿಗೆ ಓಟಿಲ್ಲ, ಸೋತಿತು ಬಿಡಿ. ಆದರೆ ಓಟಿಲ್ಲದವರ ಹಣೆಬರಹವನ್ನು ಓಟಿದ್ದವರು ಬರೆಯೋದು ಅಲ್ಲಿ ಹಳೇ ಪದ್ಧತಿ. ಹೆಂಗಸರಿಗೆ ಓಟು ಕೊಡೋಣವೇ ಅಂತ 1959ರಲ್ಲಿ ಕೇಳಿದರು. ಯಾರನ್ನು? ಗಂಡಸರನ್ನು! ಮೂರರಲ್ಲಿ ಎರಡು ಪಾಲು ಗಂಡಸರು ಬೇಡ ಅಂದರು. ಮನಸ್ಸು ಕರಗಿದ್ದು 1971ಕ್ಕೆ.

ಅಪ್ಪೆನ್‌ಜೆಲ್ ಇನ್ನರ್‌ರೋಡೆನ್ ಅನ್ನೋ ಪುಟ್ಟ ಪ್ರಾಂತ್ಯದಲ್ಲಂತೂ ಆಗಲೂ ಕರಗಲಿಲ್ಲ. ಅಲ್ಲಿ ಪ್ರಾಂತ್ಯದ ವಿಷಯಗಳಿಗೆ ಓಟು ಹಾಕೋಕೆ ಏಪ್ರಿಲ್ ಕೊನೆಯ ಭಾನುವಾರ ಊರ ಚೌಕದಲ್ಲಿ ಸಭೆ. ಗಂಡಸರು ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಬರುತ್ತಾರೆ. ಆ ಕತ್ತಿಯೇ ವೋಟರ್ ಕಾರ್ಡು. ಪೆಟ್ಟಿಗೆ ಇಲ್ಲ, ಚೀಟಿ ಇಲ್ಲ, ಕೈ ಎತ್ತಿದರೆ ಆಯಿತು. ನಮ್ಮ ಚಿಕ್ಕಮಗಳೂರಿನವರು ಇಂದಿರಾ ಗಾಂಧಿಯವರನ್ನು ಗೆಲ್ಲಿಸಿ ಕಳಿಸಿದ್ದು 1978ರಲ್ಲಿ. 1990ರ ಏಪ್ರಿಲ್‌ನಲ್ಲಿ ಈ ಚೌಕದಲ್ಲಿ ಇನ್ನೂ ಹೆಂಗಸರಿಗೆ ಓಟು ಬೇಡ ಅಂತ ಕೈಗಳು ಏಳುತ್ತಿದ್ದವು. ಆ ನವೆಂಬರ್‌ನಲ್ಲಿ ದೇಶದ ಸುಪ್ರೀಂ ಕೋರ್ಟು ‘ಸಾಕು, ನಿಮ್ಮನ್ನು ಕೇಳಿದ್ದು ಮುಗೀತು’ ಅನ್ನೋ ಹಾಗೆ ತೀರ್ಪು ಕೊಟ್ಟಿತು.

ಮರುವರ್ಷ ಹೆಂಗಸರೂ ಚೌಕಕ್ಕೆ ಬಂದರು, ಕೈಯಲ್ಲಿ ಕಾಗದದ ಕಾರ್ಡು ಹಿಡಿದು. ಪಕ್ಕದಲ್ಲಿ ಗಂಡಸರ ಸೊಂಟದಲ್ಲಿ ಕತ್ತಿ ನೇತಾಡುತ್ತಲೇ ಇತ್ತು. ಆ ಕೊಂಬನ್ನು ಯಾರೂ ಸುಡಲಿಲ್ಲ.