ಹೊಸಂಗಡಿಯ ಐದು ಮನೆ

ಜಾತ್ರೆಯ ಆಮಂತ್ರಣ ಎಲ್ಲರಿಗೂ ತಲುಪಿದೆ, ಹೊಸಂಗಡಿಯ ಐದು ಮನೆಗಳ ಹೊರತು. ಹಳೆಯ ವೈಷಮ್ಯವೇನೂ ಇಲ್ಲ, ಅಂಚೆಯಣ್ಣನ ತಪ್ಪೂ ಅಲ್ಲ. ಒಟ್ಟು ವಿಳಾಸ 437, ಒಂದು ಹಾಳೆಗೆ ಎಂಟು ಲೇಬಲ್. ಎಷ್ಟು ಹಾಳೆ ಬೇಕೆಂದು ಬ್ಯಾಶ್ (ಲಿನಕ್ಸ್ ಕಂಪ್ಯೂಟರಿನಲ್ಲಿ ಆಜ್ಞೆಗಳನ್ನು ನಡೆಸುವ ಪ್ರೋಗ್ರಾಮ್) ಹತ್ತಿರ $((437/8)) ಅಂತ ಕೇಳಿದರೆ ಅದು ಸಲೀಸಾಗಿ 54 ಅನ್ನುತ್ತದೆ. 54 ಹಾಳೆಗೆ 432 ಮನೆ. ಮಿಕ್ಕ ಐದರ ಬಗ್ಗೆ ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಒಂದು ಕೆಮ್ಮೂ ಇಲ್ಲ. ಪಟ್ಟಿ ಊರಿನ ಹೆಸರಿನ ಅಕಾರಾದಿಯಲ್ಲಿರುವುದರಿಂದ ಅಡೂರು, ಕುಂಬಳೆ, ಬದಿಯಡ್ಕ, ಮಂಜೇಶ್ವರ ಎಲ್ಲ ದಾಟಿ ಬಾಲದಲ್ಲಿ ಸಿಕ್ಕಿಬೀಳುವುದು ಹೊಸಂಗಡಿಯೇ. 'ನಮ್ಮನ್ನು ಬೇಕೆಂದೇ ಬಿಟ್ಟದ್ದು' ಎಂದು ಫೋನಿನಲ್ಲಿ ಸಿಡಿಯುವವರಿಗೆ ಬ್ಯಾಶ್‌ಗೆ ದಶಮಾಂಶ ಗೊತ್ತಿಲ್ಲ ಎಂದು ವಿವರಿಸುವುದು ಹೇಗೆ ಮಾರಾಯ್ರೆ?

ಮದ್ದು ಸಣ್ಣದು. ಭಾಗಿಸುವ ಮೊದಲು, ಭಾಜಕಕ್ಕಿಂತ ಒಂದು ಕಡಿಮೆ ಇರುವ ಸಂಖ್ಯೆಯನ್ನು ಸೇರಿಸಬೇಕು: $(((437+7)/8)). 444ನ್ನು ಎಂಟರಿಂದ ಭಾಗಿಸಿದರೆ 55.5. ಬಾಲ ಕತ್ತರಿಸಿ 55. ಶೇಷ ಒಂದೇ ಇದ್ದರೂ ಏಳು ಸೇರಿದಾಗ ಎಂಟು ತುಂಬಿ ಹೊಸ ಹಾಳೆ ಹುಟ್ಟುತ್ತದೆ. ಶೇಷವೇ ಇಲ್ಲದಿದ್ದರೆ ಏಳಕ್ಕೆ ಆ ತಾಕತ್ತಿಲ್ಲ. ಒಳಗಿನ ಕಂಸ ಮರೆತು $((437+7/8)) ಬರೆದರೆ ಏಳನ್ನು ಎಂಟರಿಂದ ಭಾಗಿಸಿ ಸೊನ್ನೆ, ಉತ್ತರ 437. ಮನೆಗೊಂದು ಹಾಳೆ! ಸೂತ್ರ ಋಣ ಸಂಖ್ಯೆಗೆ ಕೈಕೊಡುತ್ತದೆ, ಆದರೆ ಮೈನಸ್ ಮನೆಗಳಿಗೆ ಆಮಂತ್ರಣ ಕೊಡುವ ಪದ್ಧತಿ ನಮ್ಮಲ್ಲಿ ಇನ್ನೂ ಶುರುವಾಗಿಲ್ಲ.

ಇಷ್ಟು ಹೇಳಿದರೂ ಪ್ರತಿ ಸಮಿತಿಯಲ್ಲಿ ಒಬ್ಬರು 'ಒಂದು ಹೆಚ್ಚಿಗೆ ಇರಲಿ'ಯವರು ಇದ್ದೇ ಇರುತ್ತಾರೆ. ಮದುವೆ ಊಟಕ್ಕೆ ಲೆಕ್ಕ ಹಾಕುವಾಗ ಇವರೇ ದೇವರು. ಒಂದು ಪಂಕ್ತಿ ಹೆಚ್ಚಿಗೆ ಇರಲಿ, ಒಂದು ಕೊಪ್ಪರಿಗೆ ಪಾಯಸ ಹೆಚ್ಚಿಗೆ ಇರಲಿ, ಬಾಳೆಲೆ ಹೇಗೂ ಹೆಚ್ಚಿಗೆ ಇರಲಿ. ಅದೇ ಕೈಯಲ್ಲಿ ಸ್ಕ್ರಿಪ್ಟ್ ಸಿಕ್ಕಿದರೆ $((437/8+1)). ಬಂದದ್ದು 55, 'ನೋಡಿ, ಸರಿ ಉಂಟಲ್ಲ' ಎಂದು ಎದೆ ಉಬ್ಬಿಸುತ್ತಾರೆ. ಮರುವರ್ಷ ಮೂರು ಮನೆ ಸೇರಿ ಪಟ್ಟಿ 440 ಆಗುತ್ತದೆ. ಸರಿಯಾಗಿ 55 ಹಾಳೆ ಸಾಕಿತ್ತು, ಇವರದ್ದು 56. ಪ್ರಿಂಟರಿನಿಂದ ಕೊನೆಗೊಂದು ಖಾಲಿ ಲೇಬಲ್ ಹಾಳೆ ಠೀವಿಯಿಂದ ಹೊರಬರುತ್ತದೆ. ಅದನ್ನು ಕಂಡು ಅವರು ಪ್ರಿಂಟರನ್ನೇ ಬೈಯುತ್ತಾರೆ, ಕೇಬಲ್ ಕಿತ್ತು ಮತ್ತೆ ಸಿಕ್ಕಿಸುತ್ತಾರೆ, ಟ್ರೇ ತಟ್ಟುತ್ತಾರೆ. ಪಟ್ಟಿಯಲ್ಲಿ ಒಂದೂ ಹೆಸರಿಲ್ಲದಿದ್ದರೂ ಇವರ ಸ್ಕ್ರಿಪ್ಟ್ ಒಂದು ಹಾಳೆ ಕೊಡುತ್ತದೆ. ಯಾರಿಗೂ ಅಲ್ಲದ ಆಮಂತ್ರಣ, ಹೆಚ್ಚಿಗೆ ಇರಲಿ ಅಂತ.

ಇನ್ನು ಸಂಖ್ಯೆಯನ್ನು ಬೇಕಾದ ರೂಪದಲ್ಲಿ ತೋರಿಸುವ ಪ್ರಿಂಟ್‌ಎಫ್ ಆಜ್ಞೆಯ ಭಕ್ತರು. 54.625 ಕೊಟ್ಟು ದಶಮಾಂಶ ಬೇಡ ಎಂದರೆ 55 ಸಿಗುತ್ತದೆ, ಖುಷಿಯೋ ಖುಷಿ. ಅದು ಹತ್ತಿರದ ಪೂರ್ಣಾಂಕಕ್ಕೆ ಹೋಗುವುದೇ ಹೊರತು ಮೇಲಕ್ಕೆ ಹೋಗುವುದಲ್ಲ. 435 ಮನೆಗಳಿದ್ದರೆ 54.375, ಅಂದರೆ 54. ಅರ್ಧಕ್ಕೆ ನಿಂತರಂತೂ ಪಕ್ಕದ ಸಮಸಂಖ್ಯೆಯ ಕಡೆಗೇ ಅದರ ಒಲವು: 436 ಮನೆಗೆ 54.5, ಉತ್ತರ 54. 444 ಮನೆಗೆ 55.5, ಉತ್ತರ 56. ಒಂದು ವರ್ಷ ನಾಲ್ಕು ಮನೆ ಬಿಟ್ಟುಹೋಗುತ್ತದೆ, ಇನ್ನೊಂದು ವರ್ಷ ಎಲ್ಲ ಸುಸೂತ್ರ. ಇಂಥ ತಪ್ಪು ಹಿಡಿಯುವುದು ಕಷ್ಟ. ಬೀಸಿ ಎಂಬ ಲೆಕ್ಕದ ಪ್ರೋಗ್ರಾಮಿನಿಂದ ಮಾಡಿಸುವುದಾದರೆ ಸ್ಕೇಲ್, ಅಂದರೆ ದಶಮಾಂಶದ ನಂತರ ಎಷ್ಟು ಅಂಕಿ ಬೇಕೆಂದು, ಹೇಳಲೇಬೇಕು, ಇಲ್ಲವಾದರೆ ಅದೂ ಬಾಲ ಕತ್ತರಿಸಿ 54 ಕೊಡುತ್ತದೆ. ಪಠ್ಯದ ಸಾಲುಗಳನ್ನು ಸಂಸ್ಕರಿಸುವ ಆಕ್‌ನಲ್ಲಿ ದಶಮಾಂಶ ಉಂಟು, ಅದರದ್ದೇ ತಲೆನೋವೂ ಉಂಟು: 1.1ನ್ನು 100ರಿಂದ ಗುಣಿಸಿದರೆ ಒಳಗೆ ಕೂತಿರುವುದು 110.00000000000001. ಅದನ್ನು ಮೇಲಕ್ಕೆತ್ತಿದರೆ 111. ಮನೆ, ಹಾಳೆ ಎಣಿಸುವುದಕ್ಕೆ ಪೂರ್ಣಾಂಕವೇ ಕ್ಷೇಮ.

ಶೇಷವನ್ನು ಸದ್ದಿಲ್ಲದೆ ಬಿಡುವ ಭಾಗಾಕಾರ ನಮ್ಮ ಕಡೆಯವರಿಗೆ ಹೊಸತಲ್ಲ ಬಿಡಿ. 1956ರ ನವೆಂಬರ್ 1ರಂದು ಭಾಷೆಯ ಲೆಕ್ಕದಲ್ಲಿ ರಾಜ್ಯಗಳನ್ನು ಭಾಗಿಸಿದಾಗ ಕಾಸರಗೋಡಿನ ಚಂದ್ರಗಿರಿ ಹೊಳೆಯ ಉತ್ತರದ ಕನ್ನಡದವರು ಕೇರಳದ ಪಾಲಿಗೆ ಉಳಿದದ್ದು ಹೀಗೆಯೇ. ಭಾಗಿಸುವ ಮೊದಲೇ ಏನನ್ನಾದರೂ ಸೇರಿಸಬೇಕಿತ್ತು ಎಂದು ಅಜ್ಜಂದಿರು ಈಗಲೂ ಜಗಲಿಯಲ್ಲಿ ಹೇಳುವುದುಂಟು. ಆ ಅಜ್ಜಂದಿರೇ ಒಂದು ಕಾಲದಲ್ಲಿ ಲಕೋಟೆಗಳ ಮೇಲೆ ಗುಂಡಗಿನ ಅಕ್ಷರದಲ್ಲಿ ವಿಳಾಸ ಬರೆಯುತ್ತಿದ್ದವರು. ಪಟ್ಟಿ ಮುಗಿಯುವ ತನಕ ಬರೆಯುತ್ತಿದ್ದರು, ಅಷ್ಟೆ.

ಸೂತ್ರ ಸರಿಯಿದ್ದೂ ಹೊಸಂಗಡಿ ತಪ್ಪಬಹುದು. ಕಡತದ ಸಾಲು ಎಣಿಸುವ ಡಬ್ಲ್ಯೂಸಿ ನಿಜವಾಗಿ ಎಣಿಸುವುದು ಸಾಲಿನ ಕೊನೆಯ ಎಂಟರ್‌ಗಳನ್ನು. ಪಟ್ಟಿ ಟೈಪು ಮಾಡಿದವರು ಕೊನೆಯ ಹೆಸರಿನ ನಂತರ ಎಂಟರ್ ಒತ್ತದಿದ್ದರೆ 441 ಮನೆ 440 ಆಗುತ್ತದೆ, 56 ಹಾಳೆಯ ಕೆಲಸ 55ಕ್ಕೇ ನಿಲ್ಲುತ್ತದೆ. ಪದ ಹುಡುಕುವ ಗ್ರೆಪ್ ಆಜ್ಞೆಗೆ ಖಾಲಿ ಉದ್ಧರಣ ಚಿಹ್ನೆ ಕೊಟ್ಟು ಎಣಿಸಲು ಹೇಳಿದರೆ ಆ ಬಾಲದ ಸಾಲೂ ಲೆಕ್ಕಕ್ಕೆ ಸಿಗುತ್ತದೆ. ಮುದ್ರಣಕ್ಕೆ ಕೊಡುವ ಮೊದಲು 0, 432, 433, 440, 441 ಹಾಕಿ ನೋಡಿ. 0, 54, 55, 55, 56 ಬಂದರೆ ಪ್ರಿಂಟರ್ ಆನ್ ಮಾಡಬಹುದು. 'ಒಂದು ಹೆಚ್ಚಿಗೆ ಇರಲಿ'ಯವರನ್ನು ಅಷ್ಟು ಹೊತ್ತು ಪಾಯಸದ ಕಡೆ ಕಳಿಸಿ.