ಸರ್ವರ್‌ಗೊಂದು ಹೆಸರಿಡೋಕೆ ನಿಮಗೇನು ಧಾಡಿ?

ಹೇಳಿ ಹೇಳಿ ಬಾಯಿ ನೋವು ಬಂತು. ಸರ್ವರ್ ನೋಡಿಕೊಳ್ಳುವ ಟೀಮಿನವರೇ, ಖರ್ಚು ಉಳಿಸುತ್ತೇವೆ ಅಂತ ರಾತ್ರಿ ಬಿಲ್ಲಿಂಗ್ ಸರ್ವರ್ ಸ್ಟಾಪ್ ಮಾಡುತ್ತೀರಿ, ಬೆಳಿಗ್ಗೆ ಸ್ಟಾರ್ಟ್ ಮಾಡುತ್ತೀರಿ. ಮಾಡಿ, ಬೇಡ ಅಂದವರು ಯಾರು? ಆದರೆ ಎಡಬ್ಲ್ಯೂಎಸ್‌ನಲ್ಲಿ (ಸರ್ವರ್ ಬಾಡಿಗೆಗೆ ಕೊಡುವ ಅಮೆಜಾನ್ ಕ್ಲೌಡ್) ರೀಬೂಟ್ ಮಾಡಿದರೆ ಪಬ್ಲಿಕ್ ಐಪಿ, ಅಂದರೆ ಸರ್ವರ್‌ನ ಹೊರಗಿನ ವಿಳಾಸ, ಹಾಗೇ ಇರುತ್ತದೆ, ಸ್ಟಾಪ್ ಮಾಡಿ ಸ್ಟಾರ್ಟ್ ಮಾಡಿದರೆ ಬೇರೆ ಬರುತ್ತದೆ. ಇದು ಗೊತ್ತಿದ್ದೂ ಬದಲಾಗದ ಎಲಾಸ್ಟಿಕ್ ಐಪಿ ಹಾಕುವುದಿಲ್ಲ. ಹೊಸ ಐಪಿ ಯಾವುದು ಅಂತ ತಿಳಿಸುವುದೂ ಇಲ್ಲ. ಕೇಳಿದರೆ ಹಳೇ ಐಪಿ ಬರೆದಿರುವ ಅದೇ ಎಕ್ಸೆಲ್ ಶೀಟ್ ಕಳಿಸುತ್ತೀರಿ.

ಹಳೇ ಐಪಿಯಲ್ಲಿ ಸರ್ವರ್ ಸಿಗದೆ ಅತ್ತ ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್‌ನಿಂದ ಫೋನ್ ಶುರು. "ಪಟ್ಟಿ ಬರವಲ್ದ್ರೀ ಸರ, ರೈತರು ಕುಂತಾರ, ಲಗೂ ನೋಡ್ರಿ" ಅಂತ ದಲಾಲಿ ಅಂಗಡಿಯವರು. ಪಟ್ಟಿ ಅಂದರೆ ಮಾರಾಟದ ಬಿಲ್. ಹಿಂದಿನ ದಿನವೇ ಚೀಲ ತಂದು ಹಾಕಿದ ರೈತ ದುಡ್ಡು ತಗೊಂಡು ಬಸ್ ಹಿಡಿಯಬೇಕು. ಬೈಸಿಕೊಳ್ಳುವವರು ಹುಬ್ಬಳ್ಳಿಯಲ್ಲಿ ಕೂತ ನಾವು, ಸಪೋರ್ಟ್‌ನವರು.

ಟರ್ಮಿನಲ್ ತೆಗೆದು ಇನ್‌ಸ್ಟನ್ಸ್ (ಬಾಡಿಗೆ ಸರ್ವರ್‌ಗಳ) ಲಿಸ್ಟ್ ಕೇಳಿದರೆ ಖಾಲಿ. ಡೀಫಾಲ್ಟ್ ರೀಜನ್ (ಸರ್ವರ್ ಇರುವ ಪ್ರದೇಶ) ಬೇರೆ, ಸರ್ವರ್ ಇರುವುದು ಮುಂಬೈ ರೀಜನ್‌ನಲ್ಲಿ. ರೀಜನ್ ಕೊಟ್ಟು ಕೇಳಿದರೆ ಪುಟಗಟ್ಟಲೆ ಜೇಸನ್, ಅಂದರೆ ಬ್ರಾಕೆಟ್ ತುಂಬಿದ ಕಚ್ಚಾ ಡೇಟಾ. ಕ್ವೆರಿ ಹಾಕಿ ಹೆಸರು, ಪ್ರೈವೇಟ್ ಐಪಿ (ಒಳಗಿನ ವಿಳಾಸ), ಪಬ್ಲಿಕ್ ಐಪಿ ಇಷ್ಟನ್ನೇ ಟೇಬಲ್ ಮಾಡಿದರೆ ಹೆಸರಿನ ಕಾಲಂನಲ್ಲಿ ಸಾಲಾಗಿ None, None, None, ಅಂದರೆ ಏನೂ ಇಲ್ಲ. ಒಬ್ಬರೂ ನೇಮ್ ಟ್ಯಾಗ್ (ಹೆಸರಿನ ಚೀಟಿ) ಹಾಕಿಲ್ಲ! ಒಳಗೆ ಹೋಗಿ ಹೋಸ್ಟ್‌ನೇಮ್ ನೋಡಿದರೆ ಐಪಿ-172-31 ಅಂತ ಶುರುವಾಗುವ ಡೀಫಾಲ್ಟ್ ಹೆಸರೇ. hostname ಕಮಾಂಡ್‌ಗೆ -I (ದೊಡ್ಡ ಐ) ಸೇರಿಸಿದರೂ ಸಿಗುವುದು ಪ್ರೈವೇಟ್ ಐಪಿ. ಪಬ್ಲಿಕ್ ಐಪಿ ಸರ್ವರ್ ಒಳಗೆ ಇರುವುದೇ ಇಲ್ಲ, ಹೊರಗಿನ ಗೇಟ್‌ವೇನಲ್ಲಿ ನ್ಯಾಟ್ ಆಗುತ್ತದೆ, ಅಂದರೆ ಅಲ್ಲೇ ಪ್ರೈವೇಟ್ ಐಪಿಗೆ ಬದಲಾಗುತ್ತದೆ. ಬಿಲ್ಲಿಂಗ್‌ದು ಯಾವುದು, ಟೆಸ್ಟಿಂಗ್‌ದು ಯಾವುದು? ಒಂದೊಂದರಲ್ಲೂ ಹೊಕ್ಕು ಏನು ಓಡುತ್ತಿದೆ ಅಂತ ನೋಡಿ ಪತ್ತೆ ಹಚ್ಚಬೇಕು.

ಇದಕ್ಕಿಂತ ಸಿಟ್ಟು ಬರಿಸುವ ಮಾತು ಇನ್ನೊಂದಿದೆ. ನೀವು ಬಿಟ್ಟ ಐಪಿ ಬೇರೆ ಯಾರಿಗೋ ಹೋಗಬಹುದು. ಶೀಟ್ ನಂಬಿ ಹಳೇ ಐಪಿಗೆ ಎಸ್‌ಎಸ್‌ಎಚ್ ಮಾಡಿದ (ದೂರದಿಂದಲೇ ಲಾಗಿನ್ ಆದ) ನಮ್ಮ ಹೊಸ ಹುಡುಗನಿಗೆ ಹೋಸ್ಟ್ ಕೀ, ಅಂದರೆ ಸರ್ವರ್‌ನ ಗುರುತು, ಬದಲಾಗಿದೆ ಅಂತ ಸ್ಕ್ರೀನ್ ತುಂಬ ಎಚ್ಚರಿಕೆ ಬಂತು. ನಿಮ್ಮ ಟೀಮ್ ಲೀಡ್ ಹೇಳಿದ್ದೇನು? "ಅದು ದಿನಾ ಬರತೈತಿ, ನೋನ್ ಹೋಸ್ಟ್ಸ್‌ನಾಗಿನ ಲೈನ್ ತಗದು ಮುಂದ ಹೋಗು." ಗೊತ್ತಿರುವ ಸರ್ವರ್‌ಗಳ ಗುರುತು ಇಟ್ಟಿರುವ ಫೈಲ್ ಅದು. ಆ ಐಪಿಯಲ್ಲಿದ್ದದ್ದು ಯಾರದೋ ಸರ್ವರ್ ಆಗಿದ್ದರೆ? ಅಲ್ಲಿ ಅವನು ಪಾಸ್‌ವರ್ಡ್ ಹೊಡೆದಿದ್ದರೆ? ಕೆಲಸಕ್ಕೆ ಸೇರಿದ ಹೊಸದರಲ್ಲೇ ಇಂಥದ್ದನ್ನು ಕಲಿಸುತ್ತೀರಲ್ಲ!

ಎಲಾಸ್ಟಿಕ್ ಐಪಿಗೆ ದುಡ್ಡು ಜಾಸ್ತಿ ಅಂತೀರಿ. ಸುಮ್ನೆ ನೆಪ ಹೇಳಬೇಡಿ. 2024ರ ಫೆಬ್ರವರಿಯಿಂದ ಎಡಬ್ಲ್ಯೂಎಸ್ ಕೊಡುವ ಪಬ್ಲಿಕ್ ಐಪಿವಿ4 (ಮಾಮೂಲಿ ಐಪಿ ವಿಳಾಸ) ಯಾವುದೇ ಇರಲಿ, ತಾಸಿಗೆ 0.005 ಡಾಲರ್. ಸರ್ವರ್ ಓಡುವಾಗ ಬದಲಾಗುವ ಐಪಿಗೂ ಎಲಾಸ್ಟಿಕ್ ಐಪಿಗೂ ಒಂದೇ ದರ. ಜಾಸ್ತಿ ಬೀಳುವುದು ನಿಲ್ಲಿಸಿದ ಹೊತ್ತಿಗೆ ಮಾತ್ರ, 12 ತಾಸಿಗೆ 6 ಸೆಂಟ್. ಒಂದು ಚಹಾಕ್ಕೂ ಸಾಲದ ದುಡ್ಡು ಅದು. ಅಷ್ಟಕ್ಕಾಗಿ ರೈತರನ್ನು ಕಾಯಿಸುತ್ತೀರಾ?

ನೇಮ್ ಟ್ಯಾಗ್ ಹಾಕುವ ಕಮಾಂಡ್ ಒಂದೇ ಸಾಲು. ಬರೆದು ನಿಮ್ಮ ಗ್ರೂಪಿಗೇ ಹಾಕಿದ್ದೇನೆ. ಮಾರ್ಕೆಟ್‌ನ ಮುಂದಿನ ಟೆಂಡರ್ (ಖರೀದಿ) ದಿನದೊಳಗೆ ಹೆಸರು ಹಾಕಿ, ಐಪಿ ಕಾಯಂ ಮಾಡಿ. ಆಗಲ್ಲ ಅನ್ನುವುದಾದರೆ ಅವತ್ತು ಬ್ಯಾಡಗಿಯ ಫೋನ್ ನೀವೇ ಎತ್ತಿ.